ಪದಕ ಬರಲಿ ಎಂದು ಕಾಯಬೇಡಿ

ವಿಶ್ವವಿದ್ಯಾಲಯದ ಮಹಿಳಾ ತಂಡದಲ್ಲಿ ಓಡುವ ನೀವು, ಹುಡುಗಿಯೊಬ್ಬಳನ್ನು ಪ್ರೀತಿಸುತ್ತಿರುವುದನ್ನು ಬಹಿರಂಗಪಡಿಸಿದರೆ ಓಟ ಕೆಡುತ್ತದೆಯೇ, ಒಂದು ಪದಕ ಗೆದ್ದ ಮೇಲೆ ಹೇಳುವುದು ಕ್ಷೇಮವೇ ಎಂದು ಕೇಳಿದ್ದೀರಿ. ಪದಕ ಗೆದ್ದ ಮೇಲೆಯೇ ಹೇಳಬೇಕೆಂದು ನಾನೂ ನಿಶ್ಚಯಿಸಿದ್ದೆ. ಸಿಂಧನೂರು ಕಡೆಯ ಹಳ್ಳಿಯಿಂದ ಬಳ್ಳಾರಿಗೆ ಓದಲು ಬಂದು, ಬಿಸಿಲೇರುವ ಮೊದಲೇ ಮೈದಾನಕ್ಕಿಳಿದು 400 ಮೀಟರ್ ಓಟದ ಅಭ್ಯಾಸ ಮಾಡುತ್ತಿದ್ದ ದಿನಗಳವು. ನಾನು ಪ್ರೀತಿಸಿದವಳು ನನ್ನದೇ ಹಾಸ್ಟೆಲಿನಲ್ಲಿದ್ದಳು. ಹುಲಿಗಿಯ ಹುಲಿಗೆಮ್ಮನ ಗುಡಿಯಲ್ಲಿ, ಗಂಡಾಗಿ ಹುಟ್ಟಿ ದೇವಿಯ ಹೆಸರಿನಲ್ಲಿ ಹೆಣ್ಣಾಗಿ ಬದುಕುವ ಜೋಗಮ್ಮಂದಿರ ಪಾದಕ್ಕೆರಗುವ ನಮ್ಮ ಮನೆಯವರು ಸ್ವಂತ ಮಗಳ ವಿಷಯದಲ್ಲಿ ಅದೇ ಸೈರಣೆ ತೋರುತ್ತಾರೆಂಬ ನಂಬಿಕೆ ನನಗಿರಲಿಲ್ಲ. ರಾಜ್ಯ ಕೂಟದಲ್ಲಿ ಗೆದ್ದು, ಪತ್ರಿಕೆಯಲ್ಲಿ ಹೆಸರು ಬಂದ ಮೇಲೆ ಹೇಳಿದರೆ ಅಪ್ಪನಿಗೆ ಬೈಯಲು ಬಾಯಿ ಬರದು, ತರಬೇತುದಾರರೂ ತಂಡದಿಂದ ಕೈಬಿಡಲಾರರು ಎಂಬುದು ನನ್ನ ಲೆಕ್ಕವಾಗಿತ್ತು.

ಆ ಲೆಕ್ಕವೇ ನನ್ನ ತಪ್ಪು. ನೀವೂ ಓಟಗಾರ್ತಿಯಾದ್ದರಿಂದ ಅದನ್ನು ಬಿಡಿಸಿ ಹೇಳುತ್ತೇನೆ. 400 ಮೀಟರನ್ನು ಆರಂಭದಿಂದ ಕೊನೆಯವರೆಗೂ ಪೂರ್ಣ ವೇಗದಲ್ಲಿ ಯಾರೂ ಓಡಲಾರರು. ಮೊದಲ 200 ಮೀಟರಿನಲ್ಲಿ ತುಸು ವೇಗವನ್ನು ಉಳಿಸಿಕೊಂಡು, ಕಾಲುಗಳು ಭಾರವಾಗುವ ಕೊನೆಯ 100 ಮೀಟರಿನಲ್ಲಿ ದವಡೆ, ಭುಜ, ಅಂಗೈಗಳನ್ನು ಸಡಿಲ ಬಿಟ್ಟವರ ವೇಗ ಉಳಿದವರಷ್ಟು ಕುಸಿಯುವುದಿಲ್ಲ. ಅಭ್ಯಾಸದಲ್ಲಿ ಇದು ನನಗೆ ಸಿದ್ಧಿಸಿತ್ತು. ಕೂಟದಲ್ಲಿ ಮಾತ್ರ, ಮೈದಾನದ ಆ ಒಂದು ಸುತ್ತಿನ ಮೇಲೆ ಮನೆ, ಪ್ರೀತಿ, ಮುಂದಿನ ಬದುಕು ಎಲ್ಲವನ್ನೂ ನಾನೇ ಹೇರಿಟ್ಟಿದ್ದೆ. ಹಾಗಾಗಿ ಮೊದಲ ಅರ್ಧವನ್ನು, ಯಾರೋ ಬೆನ್ನಟ್ಟಿ ಬರುತ್ತಿದ್ದಾರೇನೋ ಎಂಬಂತೆ ಓಡಿಬಿಡುತ್ತಿದ್ದೆ. ಕೊನೆಯ ನೇರ ಹಾದಿಗೆ ಬರುವಷ್ಟರಲ್ಲಿ ಭುಜಗಳು ಕಿವಿಯವರೆಗೆ ಏರಿ, ಹಲ್ಲು ಕಚ್ಚಿಕೊಂಡಿರುತ್ತಿದ್ದವು; ಒಬ್ಬೊಬ್ಬರಾಗಿ ಎಲ್ಲರೂ ನನ್ನನ್ನು ದಾಟಿ ಹೋಗುತ್ತಿದ್ದರು.

ತರಬೇತುದಾರರಿಗೆ ಕಾರಣ ತಿಳಿಯುವಂತಿರಲಿಲ್ಲ, ಏಕೆಂದರೆ ನಾನು ಹೇಳಿರಲಿಲ್ಲ. ನನಗೆ ದಮ್ಮು ಸಾಲದೆಂದು ಭಾವಿಸಿ ಅವರು ದೂರದ ಓಟಗಳನ್ನು ಹೆಚ್ಚಿಸಿದರು. ರಾತ್ರಿಯ ನಿದ್ದೆಯನ್ನೇ ಕಳೆದುಕೊಂಡಿದ್ದ ದೇಹ ಅದನ್ನು ತಾಳದೆ ತೊಡೆಯ ಹಿಂಭಾಗದ ಸ್ನಾಯು ಹರಿದು, ಆ ವರ್ಷದ ಕೂಟಗಳೆಲ್ಲ ಕೈತಪ್ಪಿದವು. ಒಳ್ಳೆಯ ಗುರುವೊಬ್ಬರು ಇಲ್ಲದ ರೋಗಕ್ಕೆ ಮದ್ದು ಕೊಡುವಂತೆ ಮಾಡಿದವಳು ನಾನೇ. ಅಷ್ಟರಲ್ಲಿ ನಾನು ಪ್ರೀತಿಸಿದವಳ ಮನೆಯಲ್ಲಿ ಗಂಡು ನೋಡಿದ್ದರು. ಈಗಲಾದರೂ ಮಾತಾಡು ಎಂದು ಅವಳು ಬೇಡಿಕೊಂಡಾಗಲೂ ಪದಕ ಬರಲಿ ಎಂದೇ ಅಂದೆ. ಮದುವೆ ಆಗಿಹೋಯಿತು.

ಆಮೇಲೆ ನಾನು ಮೊದಲು ಹೇಳಿದ್ದು ರಿಲೇ ತಂಡದ ಹಿರಿಯ ಅಕ್ಕನಿಗೆ, ನಂತರ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ ತರಬೇತುದಾರರಿಗೆ. ಸರ್ ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ನನ್ನ ಅಭ್ಯಾಸದ ಕ್ರಮವನ್ನೇ ಬದಲಿಸಿದರು. ಕೋಣೆಯಲ್ಲಿ ಜೊತೆಗಿದ್ದ ಹುಡುಗಿಯೊಬ್ಬಳು ಬೇರೆ ಕೋಣೆ ಕೇಳಿ ಹೋದದ್ದು ನೋವು ಕೊಟ್ಟಿತು. ನನ್ನ ವೇಗ ಒಮ್ಮೆಲೇ ಹೆಚ್ಚಲಿಲ್ಲ, ಆದರೆ ಕೊನೆಯ 100 ಮೀಟರಿನಲ್ಲಿ ಭುಜಗಳು ಸಡಿಲವಾಗಿಯೇ ಉಳಿದವು.

ಯಾರಾದರೂ ನಿಮಗೆ ಒಡಿಶಾದ ಓಟಗಾರ್ತಿ ದ್ಯುತಿ ಚಂದ್ ಅವರ ಉದಾಹರಣೆ ಕೊಟ್ಟೇ ಕೊಡುತ್ತಾರೆ. 2019ರ ಮೇ ತಿಂಗಳಲ್ಲಿ ಯುವತಿಯೊಬ್ಬಳ ಜೊತೆಗಿನ ತಮ್ಮ ಸಂಬಂಧವನ್ನು ಬಹಿರಂಗಪಡಿಸಿದ ಅವರು ಜುಲೈನಲ್ಲಿ ನೇಪಲ್ಸ್‌ನ ವಿಶ್ವ ಯೂನಿವರ್ಸಿಟಿ ಕ್ರೀಡಾಕೂಟದಲ್ಲಿ 100 ಮೀಟರನ್ನು 11.32 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು, 2021ರಲ್ಲಿ ಪಟಿಯಾಲದಲ್ಲಿ 11.17 ಸೆಕೆಂಡಿನ ರಾಷ್ಟ್ರೀಯ ದಾಖಲೆ ಬರೆದರು. ಹೇಳಿದ್ದರಿಂದಲೇ ವೇಗ ಬಂತೆಂದು ಇದರಿಂದ ತಿಳಿಯಬೇಡಿ. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲೇ ಅವರು ಎರಡು ಬೆಳ್ಳಿ ಗೆದ್ದಿದ್ದರು. ನೀವು ಗಮನಿಸಬೇಕಾದದ್ದು ಬೇರೆ ಇದೆ: ಆ ಎರಡು ಬೆಳ್ಳಿ ಪದಕಗಳಿದ್ದರೂ ಮನೆಯವರ ವಿರೋಧ ಅವರಿಗೆ ತಪ್ಪಲಿಲ್ಲ. ಮಾತಾಡುವ ಧೈರ್ಯ ಬಂದದ್ದು 2018ರ ಸೆಪ್ಟೆಂಬರ್‌ನಲ್ಲಿ ದಂಡ ಸಂಹಿತೆಯ 377ನೇ ಸೆಕ್ಷನ್ ಬಗ್ಗೆ ಸುಪ್ರೀಂ ಕೋರ್ಟ್ ನೀಡಿದ, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂಬ ತೀರ್ಪಿನಿಂದ ಎಂದು ಅವರೇ ಹೇಳಿದ್ದಾರೆ.

ಆದ್ದರಿಂದ, ಹೇಳಿದರೆ ಓಟ ಕೆಡುತ್ತದೆಯೇ ಎಂಬ ಪ್ರಶ್ನೆಯನ್ನೇ ಬಿಟ್ಟುಬಿಡಿ. ಮುಚ್ಚಿಡುವುದಕ್ಕಾಗಿ ನೀವು ಈಗಾಗಲೇ ನಿದ್ದೆ, ಏಕಾಗ್ರತೆ ಎರಡನ್ನೂ ತೆರುತ್ತಿದ್ದೀರಿ. ಊರಿಗೆಲ್ಲ ಸಾರಬೇಕೆಂದು ನಾನು ಹೇಳುತ್ತಿಲ್ಲ. ಈಗ ಕೊಪ್ಪಳದಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿರುವ ನಾನು ನನ್ನ ಯಾವ ವಿದ್ಯಾರ್ಥಿನಿಗೂ ಇನ್‌ಸ್ಟಾಗ್ರಾಂನಲ್ಲಿ ಘೋಷಿಸಿಕೊಳ್ಳಲು ಹೇಳಲಾರೆ. ಓದಿನ ಖರ್ಚು ಮನೆಯಿಂದಲೇ ಬರುತ್ತಿದ್ದರೆ, ನಾಳೆ ಅದು ನಿಂತರೆ ಎಲ್ಲಿರುತ್ತೀರಿ, ಶುಲ್ಕ ಹೇಗೆ ಕಟ್ಟುತ್ತೀರಿ ಎಂಬುದನ್ನು ಗೊತ್ತುಮಾಡಿಕೊಳ್ಳದೆ ಮನೆಯಲ್ಲಿ ಬಾಯಿ ಬಿಡಬೇಡಿ. ಆದರೆ ಇನ್ನೊಬ್ಬರ ಗುಟ್ಟನ್ನು ಎಂದೂ ನಿಮ್ಮ ಮುಂದೆ ಆಡದ ಒಬ್ಬರನ್ನು ಆರಿಸಿ, ಅವರಿಗೆ ಹೇಳಿ. ಕೂಟಕ್ಕೆ ತಿಂಗಳುಗಳಿದ್ದರೆ ಈ ವಾರವೇ ಹೇಳಿ. ಕೆಲವೇ ದಿನಗಳಿದ್ದರೆ ಓಡಿ ಬಂದು ಹೇಳಿ, ಎಷ್ಟನೆಯ ಸ್ಥಾನ ಬಂದಿದ್ದರೂ ಸರಿ.