ಸಿಟಿ ಸ್ಕ್ಯಾನ್ ಆದ ಮೇಲೂ ಇಯುಎಸ್ ಯಾಕೆ ಬೇಕು?

ಅಪ್ಪನಿಗೆ ಜಾಂಡೀಸ್ ಆಗಿದೆ, ಪ್ಯಾಂಕ್ರಿಯಾಸ್‌ನ (ಮೇದೋಜೀರಕ ಗ್ರಂಥಿಯ) ತಲೆಭಾಗ ಊದಿದೆ ಎಂದು ಸಿಟಿ ರಿಪೋರ್ಟ್ ಬಂದಿದೆ, ಈಗ ಡಾಕ್ಟರು ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ (ಇಯುಎಸ್) ಬೇರೆ ಹೇಳಿದ್ದಾರೆ, ಇದು ನಿಜವಾಗಿ ಬೇಕಾ ಎಂದು ಕೇಳಿದ್ದೀರಿ. ನಾನು ಎಂಡೋಸ್ಕೋಪಿ ವಿಭಾಗದಲ್ಲಿ ನರ್ಸ್. ನೀವು ಹೇಳಿದಂಥ ರಿಪೋರ್ಟ್ ಇದ್ದಾಗ ಇದು ಸುಮ್ನೆ ಬರೆದುಕೊಡುವ ಪರೀಕ್ಷೆ ಅಲ್ಲ.

ಪ್ಯಾಂಕ್ರಿಯಾಸ್ ಇರುವುದು ಜಠರದ ಹಿಂದೆ, ಬೆನ್ನುಮೂಳೆಯ ಹತ್ತಿರ. ಹೊಟ್ಟೆಯ ಮೇಲಿಂದ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿದರೆ ಕರುಳಿನ ಗ್ಯಾಸ್ ಅಡ್ಡ ಬರುತ್ತದೆ. ಇಯುಎಸ್‌ನಲ್ಲಿ ಎಂಡೋಸ್ಕೋಪ್ ಎಂಬ ಉದ್ದನೆಯ ಬಾಗುವ ಕೊಳವೆಯ ತುದಿಯಲ್ಲೇ ಪುಟ್ಟ ಅಲ್ಟ್ರಾಸೌಂಡ್ ಪ್ರೋಬ್ ಇರುತ್ತದೆ. ಅದನ್ನು ಬಾಯಿಂದ ಇಳಿಸುತ್ತಾರೆ. ಜಠರದಲ್ಲಿ ನಿಲ್ಲಿಸಿದರೆ ಪ್ಯಾಂಕ್ರಿಯಾಸ್‌ನ ನಡುಭಾಗ, ಬಾಲ ಕಾಣುತ್ತವೆ. ಸಣ್ಣ ಕರುಳಿನ ಆರಂಭಕ್ಕೆ ಹೋದರೆ ತಲೆಭಾಗ, ಪಿತ್ತನಾಳ. ನಡುವೆ ಇರುವುದು ಕೆಲವೇ ಮಿಲಿಮೀಟರ್ ದಪ್ಪದ ಗೋಡೆ. ಅದಕ್ಕೇ 2 ಸೆಂಟಿಮೀಟರ್‌ಗಿಂತ ಸಣ್ಣ ಗಡ್ಡೆ ಸಿಟಿಯಲ್ಲಿ ತಪ್ಪಿಹೋದರೂ ಎಷ್ಟೋ ಸಲ ಇಲ್ಲಿ ಸಿಗುತ್ತದೆ.

ಆದರೆ ನಿಮ್ಮ ತಂದೆಯವರ ವಿಷಯದಲ್ಲಿ ಚಿತ್ರಕ್ಕಿಂತ ಮುಖ್ಯವಾದದ್ದು ಸೂಜಿ. ಅದೇ ಸ್ಕೋಪಿನೊಳಗಿಂದ ತೆಳ್ಳನೆಯ ಸೂಜಿ, ಸಾಮಾನ್ಯವಾಗಿ 22 ಅಥವಾ 25 ಗೇಜಿನದು, ತೂರಿಸಿ ಊದಿದ ಜಾಗದಿಂದ ಪರೀಕ್ಷೆಗೆ ಚೂರು ತೆಗೆಯಬಹುದು, ಇದೇ ಬಯಾಪ್ಸಿ. ಸೂಜಿ ಹೋಗುವುದು ಸ್ಕ್ರೀನಿನಲ್ಲಿ ಕಾಣುತ್ತಿರುತ್ತದೆ, ದಾರಿಯಲ್ಲಿ ರಕ್ತನಾಳ ಇದ್ದರೆ ಡಾಪ್ಲರ್‌ನಲ್ಲಿ (ರಕ್ತ ಹರಿಯುವುದನ್ನು ತೋರಿಸುವ ಅಲ್ಟ್ರಾಸೌಂಡ್) ನೋಡಿ ತಪ್ಪಿಸುತ್ತಾರೆ. ಇಷ್ಟೆಲ್ಲ ಯಾಕೆ ಅಂದರೆ, ಪ್ಯಾಂಕ್ರಿಯಾಸ್‌ನಲ್ಲಿ ಊತ ಅಂದ ತಕ್ಷಣ ಕ್ಯಾನ್ಸರ್ ಅಲ್ಲ. ನಮ್ಮ ದೇಶದಲ್ಲಿ ಅಲ್ಲಿ ಟಿಬಿ ಗಂಟುಗಳೂ ಆಗುತ್ತವೆ, ಸ್ಕ್ಯಾನ್‌ನಲ್ಲಿ ಥೇಟ್ ಕ್ಯಾನ್ಸರ್ ಥರಾನೇ ಕಾಣುತ್ತವೆ. ಆಟೋಇಮ್ಯೂನ್ ಪ್ಯಾಂಕ್ರಿಯಾಟೈಟಿಸ್ ಎಂಬ ಇನ್ನೊಂದು ಕಾಯಿಲೆ ಇದೆ, ದೇಹದ ರೋಗನಿರೋಧಕ ಶಕ್ತಿಯೇ ಪ್ಯಾಂಕ್ರಿಯಾಸ್ ಮೇಲೆ ತಿರುಗಿಬೀಳುವಂಥದ್ದು, ಅದು ಸ್ಟೀರಾಯ್ಡ್‌ಗೆ ಇಳಿಯುತ್ತದೆ. ಎರಡಕ್ಕೂ ಮಾತ್ರೆಯ ಚಿಕಿತ್ಸೆ ಸಾಕಾಗಬಹುದು. ಇದು ತಿಳಿಯದೆ ದೊಡ್ಡ ಆಪರೇಷನ್ನಿಗೆ ಹೋಗುವುದು ಬೇಡ ಅಲ್ವಾ?

ಕ್ಯಾನ್ಸರೇ ಆಗಿದ್ದರೂ, ಕೀಮೋ ಶುರು ಮಾಡುವ ಮೊದಲು ಬಯಾಪ್ಸಿ ರಿಪೋರ್ಟ್ ಬೇಕೇ ಬೇಕು. ಸ್ಕ್ಯಾನ್ ಸ್ಪಷ್ಟವಾಗಿದ್ದು ಗಡ್ಡೆ ತೆಗೆಯಲು ಬರುವಂತಿದ್ದರೆ ಕೆಲವೊಮ್ಮೆ ಸರ್ಜನ್ ಬಯಾಪ್ಸಿ ಇಲ್ಲದೆ ನೇರ ಆಪರೇಷನ್ ಹೇಳುವುದೂ ಉಂಟು. ನಿಮಗೆ ಯಾಕೆ ಹಾಗೆ ಹೇಳಿಲ್ಲ ಎಂದು ಡಾಕ್ಟರನ್ನೇ ಕೇಳಿ, ಅದು ಕೇಳಲೇಬೇಕಾದ ಪ್ರಶ್ನೆ.

ಜಾಂಡೀಸ್‌ಗೆ ಪಿತ್ತನಾಳದ ಸಣ್ಣ ಕಲ್ಲು ಕಾರಣವಾ ಎಂಬುದನ್ನೂ ಇಯುಎಸ್‌ನಲ್ಲಿ ಚೆನ್ನಾಗಿ ನೋಡಬಹುದು. ಕಲ್ಲು ಇಲ್ಲ ಎಂದು ಗೊತ್ತಾದರೆ, ಕಲ್ಲಿಗಾಗಿ ಇಆರ್‌ಸಿಪಿ (ಎಂಡೋಸ್ಕೋಪಿನ ಮೂಲಕ ಪಿತ್ತನಾಳದೊಳಗೆ ಹೋಗಿ ಕಲ್ಲು ತೆಗೆಯುವ ವಿಧಾನ) ಮಾಡುವುದು ತಪ್ಪುತ್ತದೆ. ಇಆರ್‌ಸಿಪಿಯಿಂದ ಕೆಲವರಿಗೆ ಪ್ಯಾಂಕ್ರಿಯಾಸ್‌ಗೇ ಉರಿಯೂತ ಬರುವುದರಿಂದ ಅದು ಸಣ್ಣ ಲಾಭವಲ್ಲ.

ಒಂದು ಮಾತು ದಯವಿಟ್ಟು ನೆನಪಿಡಿ. ಸೂಜಿಯ ರಿಪೋರ್ಟ್‌ನಲ್ಲಿ ಕ್ಯಾನ್ಸರ್ ಕಣ ಸಿಗಲಿಲ್ಲ ಅಂದರೆ ಕ್ಯಾನ್ಸರ್ ಇಲ್ಲವೇ ಇಲ್ಲ ಎಂದಲ್ಲ. ಚೂರು ಸರಿಯಾದ ಜಾಗದಿಂದ ಬರದೇ ಇರಬಹುದು. ಅನುಮಾನ ಉಳಿದರೆ ಮತ್ತೆ ಮಾಡಬೇಕಾಗುತ್ತದೆ. ಮಾಡುವವರ ಕೈ ಪಳಗಿರುವುದೂ ಇಲ್ಲಿ ತುಂಬಾ ಮುಖ್ಯ, ಹಾಗಾಗಿ ಇಯುಎಸ್ ಜಾಸ್ತಿ ಮಾಡುವ ಆಸ್ಪತ್ರೆಗೇ ಹೋಗಿ.

ಹೊಟ್ಟೆ ಖಾಲಿ ಇರಬೇಕು, ಎಷ್ಟು ಹೊತ್ತು ಎಂದು ಅವರೇ ಹೇಳುತ್ತಾರೆ. ಮಂಪರು ಬರುವ ಇಂಜೆಕ್ಷನ್ ಕೊಡುವುದರಿಂದ ಜೊತೆಗೆ ಒಬ್ಬರು ಇರಲಿ, ಆವತ್ತು ಗಾಡಿ ಓಡಿಸುವುದು ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ, ನೀವೇ ನಿಲ್ಲಿಸಬೇಡಿ. ಸೂಜಿ ಹಾಕಿದಾಗ ಅಪರೂಪಕ್ಕೆ ರಕ್ತಸ್ರಾವ, ಸೋಂಕು, ಪ್ಯಾಂಕ್ರಿಯಾಸ್ ಉರಿಯೂತ ಆಗುವುದುಂಟು. ಮನೆಗೆ ಬಂದ ಮೇಲೆ ಜೋರು ಹೊಟ್ಟೆನೋವು, ಜ್ವರ ಅಥವಾ ಕಪ್ಪು ಮಲ ಕಂಡರೆ ಬೆಳಗಾಗಲಿ ಎಂದು ಕಾಯದೆ ಕರೆದುಕೊಂಡು ಹೋಗಿ. ಸಿಟಿಯ ರಿಪೋರ್ಟ್ ಮಾತ್ರ ಅಲ್ಲ, ಸಿಡಿಯನ್ನೂ ತಪ್ಪದೆ ಒಯ್ಯಿರಿ.