ಆ್ಯಪ್ ಸ್ಟೋರ್ ಮೇಲೆ ಬಿಗಿ ಹಿಡಿತ ಇಟ್ಟುಕೊಳ್ಳುವುದು ಸ್ಪರ್ಧೆಗೆ ವಿರುದ್ಧವೇ?

ಬರೀ ಹಿಡಿತ ಇದ್ದರೆ ತಪ್ಪಲ್ಲ. ನಮ್ಮ 2002ರ ಸ್ಪರ್ಧಾ ಕಾಯ್ದೆಯ 4ನೇ ಸೆಕ್ಷನ್ ದೊಡ್ಡದಾಗಿ ಬೆಳೆಯುವುದನ್ನು ತಡೆಯುವುದಿಲ್ಲ. ಬೆಳೆದ ಬಲವನ್ನು ದುರುಪಯೋಗ ಮಾಡುವುದನ್ನು ತಡೆಯುತ್ತದೆ. ಕಳ್ಳ ಆ್ಯಪ್‌ಗಳನ್ನು ಸ್ಟೋರ್‌ನಿಂದ ಹೊರಗಿಡುವುದು ಒಳ್ಳೆಯದೇ ಅಲ್ವಾ?

ತೊಂದರೆ ಶುರುವಾಗುವುದು ಹಣದ ವಿಷಯದಲ್ಲಿ. ಗೂಗಲ್ ಪ್ಲೇ ಸ್ಟೋರ್ ಪ್ರಕರಣವನ್ನೇ ನೋಡಿ. ಆ್ಯಪ್ ಒಳಗಿನ ಡಿಜಿಟಲ್ ಖರೀದಿಗೆ ಗೂಗಲ್‌ನದೇ ಬಿಲ್ಲಿಂಗ್ ಬಳಸಬೇಕು, 15ರಿಂದ 30 ಪರ್ಸೆಂಟ್ ಕಮಿಷನ್ ಕೊಡಬೇಕು ಅನ್ನುವುದು ಆಗಿನ ಷರತ್ತಾಗಿತ್ತು. ಒಪ್ಪದಿದ್ದರೆ ಸ್ಟೋರ್‌ನಲ್ಲಿ ಜಾಗ ಇರಲಿಲ್ಲ. ಆದರೆ ಗೂಗಲ್‌ನದೇ ಯೂಟ್ಯೂಬ್‌ಗೆ ಈ ಷರತ್ತು ಇರಲಿಲ್ಲ ಎಂದು ಭಾರತೀಯ ಸ್ಪರ್ಧಾ ಆಯೋಗ ಎತ್ತಿ ತೋರಿಸಿತು. ನನಗೆ ಎಲ್ಲಕ್ಕಿಂತ ಜಾಸ್ತಿ ಅನ್ಯಾಯ ಅನ್ನಿಸುವುದು ಇದೇ. ಅಂಗಡಿಯ ಮಾಲೀಕ ತಾನೂ ಅಲ್ಲೇ ವ್ಯಾಪಾರ ಮಾಡುತ್ತಾ ಪಕ್ಕದವರಿಂದ ಮಾತ್ರ ಸುಂಕ ವಸೂಲಿ ಮಾಡಿದ ಹಾಗೆ.

2022ರ ಅಕ್ಟೋಬರ್‌ನಲ್ಲಿ ಆಯೋಗ 936.44 ಕೋಟಿ ರೂಪಾಯಿ ದಂಡ ಹಾಕಿತು. 2025ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು 216.69 ಕೋಟಿಗೆ ಇಳಿಸಿತು. ಆದರೂ ದುರುಪಯೋಗ ಆಗಿದೆ ಅನ್ನುವುದನ್ನು ಒಪ್ಪಿತು.

ಅಮೆರಿಕದಲ್ಲಿ ಉತ್ತರ ಬೇರೆ ಬೇರೆ ಬಂತು. ಎಪಿಕ್ ಗೇಮ್ಸ್ ಎಂಬ ವಿಡಿಯೋ ಗೇಮ್ ಕಂಪನಿ ಹೂಡಿದ ದಾವೆಯಲ್ಲಿ 2021ರಲ್ಲಿ ಆ್ಯಪಲ್ ಏಕಸ್ವಾಮ್ಯ ಹೊಂದಿದೆ ಎಂದು ಕೋರ್ಟ್ ಒಪ್ಪಲಿಲ್ಲ. ಆದರೆ ಹೊರಗಿನ ಪಾವತಿಯ ದಾರಿ ತೋರಿಸದಂತೆ ಡೆವಲಪರ್‌ಗಳ ಬಾಯಿ ಕಟ್ಟುವುದು ಕ್ಯಾಲಿಫೋರ್ನಿಯಾ ಕಾನೂನಿಗೆ ವಿರುದ್ಧ ಎಂದಿತು. ಅದೇ ಎಪಿಕ್ ಗೂಗಲ್ ವಿರುದ್ಧ 2023ರ ಡಿಸೆಂಬರ್‌ನಲ್ಲಿ ಗೆದ್ದಿತು.