ಹಾಡುಗಾರಿಕೆಯಲ್ಲಿ ನಮ್ಮದೇ ಛಾಪು ಮೂಡುವುದು ಹೇಗೆ?

ಗುರುಗಳ ಪಾಠಾಂತರವನ್ನೇ (ಅವರು ಕಲಿಸಿದ ಹಾಡಿನ ರೂಪವನ್ನೇ) ಒಪ್ಪಿಸುತ್ತಿರುವ ನಿಮಗೆ ಸ್ವಂತಿಕೆ ಬರುವುದು ಹೇಗೆಂದು ಕೇಳಿದ್ದೀರಿ. ನಮ್ಮ ಮೈಸೂರಿನ ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರು (1895–1967) ಗಾಯಕ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ವರ್ಷಗಟ್ಟಲೆ ಪಳಗಿದವರು. ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ಪಿಟೀಲಿನ ನಾದ ಹಿಂದಿನ ಸಾಲಿಗೆ ತಲುಪದಿದ್ದುದನ್ನು ಕಂಡು ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು, ಆ ತುಂಬುನಾದವೇ ಅವರ ಗುರುತಾಯಿತು. ಛಾಪೆಂಬುದು ಹೀಗೆ ಯಾವುದೋ ತೊಡಕನ್ನು ಬಿಡಿಸಿಕೊಳ್ಳುವಾಗ ತಾನಾಗಿ ಒದಗುತ್ತದೆಂದು ನನ್ನ ಅನಿಸಿಕೆ. ಕಲ್ಯಾಣಿ ರಾಗವೊಂದನ್ನೇ ಕೆಲವು ತಿಂಗಳು ಹಾಡಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಕೇಳಿರಿ: ಪ್ರತಿಮಧ್ಯಮದ (ಆ ರಾಗದ ‘ಮ’ ಸ್ವರದ) ಮೇಲೆ ನೀವು ನಿಲ್ಲುವ ರೀತಿಯಲ್ಲೋ, ನೆರವಲಿನ (ಒಂದೇ ಸಾಲನ್ನು ಬಗೆಬಗೆಯಾಗಿ ವಿಸ್ತರಿಸಿ ಹಾಡುವುದರ) ನಡುವೆ ಅರಿವಿಲ್ಲದೆ ಬಂದ ತಿರುವಿನಲ್ಲೋ ಗುರುಗಳು ಹೇಳಿಕೊಡದ ಎಳೆಯೊಂದು ಸಿಕ್ಕರೆ ಅದನ್ನೇ ಸಾಧನೆಯಿಂದ ಬೆಳೆಸಿರಿ. ಉಡುಪು, ಪೋಸ್ಟರು, ಇನ್‌ಸ್ಟಾಗ್ರಾಂ ಪುಟಗಳ ಚಿಂತೆ (ದಸರಾ ವೇದಿಕೆ ಸಿಕ್ಕ ಮೇಲೂ ಮಾಡಬಹುದಾದದ್ದು) ಸದ್ಯಕ್ಕೆ ಬೇಡ.